ಕೃತಕ ಬುದ್ಧಿಮತ್ತೆಯೂ ಅದರ ಕಾವಲೂ

ನಮ್ಮ ಸೀಮೆಯಲ್ಲಿ ಬೆಳೆದವರಿಗೆ ಚನ್ನರಾಯನದುರ್ಗದ ಕೋಟೆಯನ್ನು ಹೊಸದಾಗಿ ವರ್ಣಿಸಬೇಕಾದುದಿಲ್ಲ. ಬೆಟ್ಟವನ್ನು ಹತ್ತುವವರು ಒಂದು ಸುತ್ತುಗೋಡೆಯನ್ನು ದಾಟಿ ನಿಟ್ಟುಸಿರು ಬಿಡುವಷ್ಟರಲ್ಲಿ ಮೇಲೆ ಮತ್ತೊಂದನ್ನು ಕಾಣುತ್ತಾರೆ. ಅದನ್ನು ಕಟ್ಟಿಸಿದವರು ಒಂದೇ ಗೋಡೆಯನ್ನು ನಂಬಿ ಕುಳಿತವರಲ್ಲ. ಆದರೂ ಸುತ್ತೆಲ್ಲ ಭದ್ರವಾಗಿದ್ದು ಒಂದು ಮೂಲೆಯಲ್ಲಿ ಗೋಡೆ ತಗ್ಗಾಗಿದ್ದರೆ, ಹಗೆಯು ಏರಿ ಬರುವುದು ಆ ಮೂಲೆಯಿಂದಲೇ. ಕೃತಕ ಬುದ್ಧಿಮತ್ತೆಯೆಂಬ ಹೊಸ ಯಂತ್ರವಿದ್ಯೆಯನ್ನು ಅಪಾಯವಿಲ್ಲದೆ ಬೆಳೆಸುವ ಬಗೆ ಹೇಗೆಂದು ಕೇಳುವ ತಾಯಿತಂದೆಗಳಿಗೆ ಈ ಕೋಟೆಯನ್ನೇ ತೋರಿಸಿ ಉತ್ತರ ಹೇಳಲು ನಾವು ಇಲ್ಲಿ ಪ್ರಯತ್ನಿಸುತ್ತೇವೆ.

ಮೊದಲು ಆ ಯಂತ್ರದ ಸ್ವರೂಪವನ್ನು ತಿಳಿಯಬೇಕು. ಅದು ಕೋಟ್ಯಂತರ ಪುಟಗಳ ಬರೆಹವನ್ನು ಓದಿ, ಒಂದು ಮಾತಿನ ಮುಂದೆ ಯಾವ ಮಾತು ಬರುವುದೆಂದು ಊಹಿಸಲು ಕಲಿಯುತ್ತದೆ. ಹೀಗೆ ಕಲಿತ ಮೇಲೆ ಅದು ಪತ್ರವನ್ನು ಬರೆಯುತ್ತದೆ, ಲೆಕ್ಕವನ್ನು ಬಿಡಿಸುತ್ತದೆ, ಔಷಧದ ವಿಷಯವನ್ನೂ ಹೇಳುತ್ತದೆ. ಗಡಿಯಾರವನ್ನು ಮಾಡಿದವನು ಅದರ ಒಂದೊಂದು ಚಕ್ರವನ್ನೂ ಬಲ್ಲನು. ಈ ಯಂತ್ರವನ್ನು ಮಾಡಿದವರಾದರೋ ಅದರ ಒಳಗೆ ನಡೆಯುವುದನ್ನು ಪೂರ್ಣವಾಗಿ ಅರಿತವರಲ್ಲ. ಮುಂದೆ ಇದು ಮನುಷ್ಯರನ್ನು ಮೀರುವಷ್ಟು ಬಲವನ್ನು ಪಡೆದರೆ ಗತಿಯೇನೆಂದು ಅದನ್ನು ನಿರ್ಮಿಸುವ ವಿದ್ವಾಂಸರಲ್ಲಿಯೇ ಅನೇಕರು ಚಿಂತಿಸುತ್ತಿರುವುದು ಈ ಕಾರಣದಿಂದಲೇ.

ಆದಕಾರಣ ಕಾವಲುಗಳನ್ನು ಸುತ್ತುಸುತ್ತಾಗಿ ಕಟ್ಟುತ್ತಾರೆ. ಕೇಡಿನ ಪ್ರಶ್ನೆಗೆ ಉತ್ತರ ಕೊಡಬಾರದೆಂದು ಯಂತ್ರವನ್ನು ತಿದ್ದುವುದು ಮೊದಲನೆಯ ಸುತ್ತು. ಜನರ ಕೈಗೆ ಕೊಡುವುದಕ್ಕೆ ಮುಂಚೆ ಪರೀಕ್ಷಕರೇ ಹಗೆಗಳ ವೇಷ ಹಾಕಿ ಅದನ್ನು ಕೆಡಿಸಲು ನೋಡುವುದು ಇನ್ನೊಂದು. ಅದರ ಒಳಗನ್ನು ಬಿಚ್ಚಿ ನೋಡುವ ವಿದ್ಯೆಯೂ ಬೆಳೆಯುತ್ತಿದೆ. ರಾಜ್ಯಾಧಿಕಾರಗಳೂ ಸುಮ್ಮನಿಲ್ಲ. 2023ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಇಂಡಿಯಾ, ಚೀನಾ ಮೊದಲಾದ 28 ದೇಶಗಳೂ ಐರೋಪ್ಯ ಒಕ್ಕೂಟವೂ ಕೂಡಿ ಈ ಅಪಾಯವನ್ನು ಒಪ್ಪಿಕೊಂಡವು. 2024ರ ಮೇ ತಿಂಗಳಲ್ಲಿ ಸಿಯೋಲ್ ನಗರದ ಸಭೆಯ ಸಂದರ್ಭದಲ್ಲಿ 16 ಕಂಪೆನಿಗಳು, ಅಪಾಯವನ್ನು ಮೊದಲೇ ಗೊತ್ತುಮಾಡಿದ ಎಲ್ಲೆಯೊಳಗೆ ಇಡಲಾಗದಿದ್ದರೆ ಅಂಥ ಯಂತ್ರವನ್ನು ಮುಂದುವರಿಸುವುದಿಲ್ಲವೆಂದು ಮಾತು ಕೊಟ್ಟವು. ಮಾತು ಕೊಟ್ಟವರು ವ್ಯಾಪಾರಿಗಳೆಂಬುದನ್ನು ವಾಚಕರು ಮರೆಯಲಾರರೆಂದು ನಂಬುತ್ತೇವೆ. ನಮ್ಮ ದೇಶದ ಸರಕಾರವು 2025ರ ಜನವರಿಯಲ್ಲಿ ಈ ಉದ್ದೇಶಕ್ಕಾಗಿಯೇ ಒಂದು ಸುರಕ್ಷತಾ ಸಂಸ್ಥೆಯನ್ನು ಸಾರಿತು.

ಇಷ್ಟೆಲ್ಲ ಇದ್ದೂ ತಗ್ಗಾದ ಮೂಲೆಯೊಂದು ಉಳಿದಿದೆ. ಅದು ನಮ್ಮ ಮಗ್ಗುಲಲ್ಲಿಯೇ ಇದೆ. ಅಮೇರಿಕದ ಬ್ರೌನ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು 2023ರಲ್ಲಿ ಒಂದು ಪರೀಕ್ಷೆಯನ್ನು ಮಾಡಿದರು. ಕೇಡಿನ ಕೋರಿಕೆಗಳು 520ನ್ನು ಆರಿಸಿ, ಆಗ ಹೆಸರುವಾಸಿಯಾಗಿದ್ದ ಜಿಪಿಟಿ-4 ಎಂಬ ಯಂತ್ರದ ಮುಂದೆ ಇಟ್ಟರು. ಇಂಗ್ಲಿಷಿನಲ್ಲಿ ಕೇಳಿದಾಗ ನೂರಕ್ಕೆ ಒಂದರಲ್ಲಿಯೂ ಅದು ಮೋಸ ಹೋಗಲಿಲ್ಲ. ಅವೇ ಮಾತುಗಳನ್ನು ಆಫ್ರಿಕದ ಜುಲು ಭಾಷೆಗೆ ತಿರುಗಿಸಿ ಕೇಳಿದಾಗ ನೂರಕ್ಕೆ 53ರಲ್ಲಿ ಕಾವಲು ಮುರಿಯಿತು. ಬರೆಹದ ಸಂಪತ್ತು ಕಡಿಮೆಯಿರುವ ಇಂಥ ಕೆಲವು ಭಾಷೆಗಳಲ್ಲಿ ಒಂದಲ್ಲದಿದ್ದರೆ ಇನ್ನೊಂದರಲ್ಲಿ ಕೇಳುತ್ತ ಹೋದರೆ ಈ ಲೆಕ್ಕವು 79ಕ್ಕೆ ಏರಿತು. ಯಾಕಂದರೆ ಯಂತ್ರವು ಜುಲು ಭಾಷೆಯನ್ನು ಉತ್ತರ ಕೊಡುವಷ್ಟು ಕಲಿತಿತ್ತು. ತಿದ್ದಿದವರ ಬುದ್ಧಿಮಾತು ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ನಡೆದಿತ್ತು.

ಆ ಪರೀಕ್ಷೆಯಲ್ಲಿ ಕನ್ನಡವಿರಲಿಲ್ಲ. ಆದರೆ 2011ರ ಜನಗಣತಿಯ ಪ್ರಕಾರ ನಾಲ್ಕು ಕೋಟಿಗೂ ಮೇಲ್ಪಟ್ಟು ಜನರ ತಾಯ್ನುಡಿಯಾದ ಕನ್ನಡಕ್ಕೆ ಅಂತರಜಾಲದ ಪುಟಗಳಲ್ಲಿ ನೂರಕ್ಕೆ ಒಂದರಷ್ಟು ಪಾಲೂ ಇಲ್ಲವೆಂಬುದನ್ನು ನೆನೆದರೆ ನಾವು ನಿಶ್ಚಿಂತರಾಗಿ ಇರುವಂತಿಲ್ಲ. ಮಗುವಿನ ಜ್ವರಕ್ಕೆ ಎಷ್ಟು ಔಷಧ ಕೊಡಬೇಕೆಂದು ಇಂಗ್ಲಿಷ್ ಬಲ್ಲವಳು ಕೇಳಿದರೆ ಎಚ್ಚರಿಕೆಯ ಮಾತು ಬಂದು, ಅದನ್ನೇ ಕನ್ನಡದಲ್ಲಿ ಕೇಳಿದ ತಾಯಿಗೆ ಆ ಎಚ್ಚರಿಕೆ ತಪ್ಪಿಹೋದರೆ ಯಾರು ಹೊಣೆ?

ಇದನ್ನು ಸರಿಪಡಿಸುವ ಕೆಲಸವು ನಮ್ಮ ಬೆಂಗಳೂರಿನಲ್ಲಿಯೇ ನಡೆದಿದೆಯೆಂದು ತಿಳಿಸಲು ಸಂತೋಷಪಡುತ್ತೇವೆ. ಅಲ್ಲಿಯ ಮೈಕ್ರೋಸಾಫ್ಟ್ ಸಂಶೋಧನಾಲಯದವರೂ ಕಾರ್ಯ ಎಂಬ ಸಂಸ್ಥೆಯವರೂ ಕೂಡಿ 2024ರಲ್ಲಿ ಪರೀಕ್ಷಾ ಎಂಬ ಹೆಸರಿನಿಂದ 30 ಯಂತ್ರಗಳನ್ನು ಕನ್ನಡವೂ ಸೇರಿ 10 ಭಾರತೀಯ ಭಾಷೆಗಳಲ್ಲಿ ಒರೆಗೆ ಹಚ್ಚಿದರು. ಆಯಾ ಭಾಷೆಯನ್ನಾಡುವ ಜನರಿಂದ ಸುಮಾರು 90,000 ತೀರ್ಪುಗಳನ್ನು ಪಡೆದು, ಅವನ್ನು ಯಂತ್ರವೇ ಕೊಟ್ಟ ತೀರ್ಪುಗಳೊಡನೆ ಹೋಲಿಸಿದರು. ಯಂತ್ರಗಳು ಅತಿಶಯವಾಗಿ ಬೆಳೆದ ಮೇಲೆ ಅವನ್ನು ತಿದ್ದಲು ಯಂತ್ರಗಳೇ ಬೇಕಾಗುವುದೆಂದು ಹೇಳುವವರಿರುವುದರಿಂದ ಈ ಹೋಲಿಕೆಯು ಬಹು ಮುಖ್ಯವಾದುದು. ಎರಡು ಉತ್ತರಗಳಲ್ಲಿ ಯಾವುದು ಮೇಲೆಂದು ಹೇಳುವಲ್ಲಿ ಎರಡೂ ಕಡೆಯವರು ಬಹುಮಟ್ಟಿಗೆ ಒಪ್ಪಿದರು. ಒಂದೊಂದು ಉತ್ತರಕ್ಕೂ ಬಿಡಿಯಾಗಿ ಅಂಕ ಕೊಡುವಲ್ಲಿ ಒಪ್ಪಿಗೆ ಸಡಿಲವಾಯಿತು. ಬಂಗಾಳಿ, ಒಡಿಯಾ ಭಾಷೆಗಳಲ್ಲಿ ವಿಶೇಷವಾಗಿ. ಮತ್ತು ಯಂತ್ರವು ತನ್ನ ಕುಲದ ಉತ್ತರಗಳಿಗೆ ಪಕ್ಷಪಾತ ಮಾಡುವುದೂ ಕಂಡುಬಂತು. ತಮ್ಮ ಉತ್ತರಪತ್ರಿಕೆಗೆ ತಾವೇ ಅಂಕ ಹಾಕಿಕೊಳ್ಳಲು ನಮ್ಮ ವಿದ್ಯಾರ್ಥಿನಿಯರನ್ನು ಬಿಟ್ಟರೆ ಏನಾಗುವುದೆಂದು ಬಲ್ಲ ಉಪಾಧ್ಯಾಯಿನಿಯರಿಗೆ ಇದು ಆಶ್ಚರ್ಯವಾಗಿ ತೋರಲಾರದು!

ಈ ಕೆಲಸಕ್ಕೆ ದೊಡ್ಡ ಪದವಿಗಳೇ ಬೇಕೆಂದಿಲ್ಲ. ಇದೇ ಕಾರ್ಯ ಸಂಸ್ಥೆಯ ಬೇರೊಂದು ಕೆಲಸದಲ್ಲಿ ಕರ್ನಾಟಕದ ಹಳ್ಳಿಗಳ ಹೆಂಗಸರು ಕ್ಷಯರೋಗದ ವಿಷಯವಾದ ಕನ್ನಡ ವಾಕ್ಯಗಳನ್ನು ಫೋನಿನಲ್ಲಿ ಓದಿ ಸಂಬಳ ಪಡೆದರು. ಅವರು ಮನೆಯಲ್ಲಿ ಆಡುವ ಮಾತೇ ಅಲ್ಲಿ ವಿದ್ಯೆಯಾಯಿತು.

ಪರೀಕ್ಷಾದಲ್ಲಿ ಒಂದು ಭಾಗ ಮಾತ್ರ ಕಿರಿದಾಗಿ ಉಳಿಯಿತು. ಹಾನಿಕರವಾದ ನುಡಿಗಳ ಪರಿಶೀಲನೆಯನ್ನು ಹಿಂದಿಯೊಂದರಲ್ಲಿ, ಅದನ್ನೂ ಯಂತ್ರದಿಂದಲೇ ಮಾಡಿಸಿದರು. ಅಂಥ ಹೊಲಸು ಮಾತುಗಳನ್ನು ಕೂಲಿಯ ಜನರ ಕಣ್ಣಿಗೆ ಒಡ್ಡಬಾರದೆಂಬ ವಿಚಾರವು ನ್ಯಾಯವಾದದ್ದೇ. ಆದರೂ ಕನ್ನಡದ ಮಗ್ಗುಲಿನ ಗೋಡೆಯನ್ನು ಯಾರಾದರೂ ಹತ್ತಿ ನೋಡಬೇಕಷ್ಟೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಇರುವವರು ಔಷಧ, ಬಾಣಂತನ, ಸಾಲದ ಕಾಗದ ಮುಂತಾದ ವಿಷಯಗಳಲ್ಲಿ ಒಂದೇ ಪ್ರಶ್ನೆಯನ್ನು ಈ ಯಂತ್ರಕ್ಕೆ ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ನಮ್ಮ ಮಧುಗಿರಿ ಪಾವಗಡಗಳ ಆಡುಮಾತಿನಲ್ಲಿ ಇನ್ನೊಮ್ಮೆ ಕೇಳಿ, ಉತ್ತರಗಳು ಎಲ್ಲಿ ಬೇರೆಯಾಗುತ್ತವೆಂದು ತಾರೀಖು ಸಹಿತವಾಗಿ ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.