ಎರೆಮಣ್ಣಿನ ಹುಟ್ಟು

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಯಲವಿಗಿ ಒಂದು ನಿಲ್ದಾಣ. ಸವಣೂರು ಸೀಮೆಗೆ ಸೇರಿದ ಈ ಊರಿನ ಆಸುಪಾಸಿನಲ್ಲಿ ಎರೆಹೊಲಗಳು ಕಣ್ಣಿಗೆ ಬೀಳುತ್ತವೆ. ಬೇಸಗೆಯಲ್ಲಿ ಈ ಹೊಲಗಳು ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತವೆ. ಮಳೆ ಬಿದ್ದೊಡನೆ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಳ್ಳುತ್ತವೆ. ಕಾಲಿಟ್ಟವನ ಮೆಟ್ಟನ್ನೇ ಹಿಡಿದಿಟ್ಟುಕೊಳ್ಳುತ್ತವೆ. ಅಲ್ಲಿಂದ ಪಶ್ಚಿಮಕ್ಕೆ, ಹಾನಗಲ್ಲಿನತ್ತ ನಡೆದರೆ ನೆಲದ ಬಣ್ಣ ಕ್ರಮೇಣ ಕೆಂಪಾಗುತ್ತದೆ. ಜೋಳ, ಹತ್ತಿಗಳ ಹೊಲಗಳು ಹಿಂದುಳಿದು ಬತ್ತದ ಗದ್ದೆಗಳು ಎದುರಾಗುತ್ತವೆ. ಇಷ್ಟು ಸಮೀಪದಲ್ಲಿ ಇಷ್ಟು ಭೇದವೇಕೆ? ಎರೆಯ ಈ ಕಪ್ಪು ಎಲ್ಲಿಂದ ಬಂದಿತು?

ಕಪ್ಪು ಮಣ್ಣು ಜ್ವಾಲಾಮುಖಿಯ ಕೊಡುಗೆ ಎಂಬ ಮಾತು ಬಹು ಪ್ರಚಲಿತವಾಗಿದೆ. ಅದರಲ್ಲಿ ಸತ್ಯವಿದೆ, ಆದರೆ ಅದು ಪೂರ್ಣಸತ್ಯವಲ್ಲ. ಇದನ್ನು ಅರಿಯಬೇಕಾದರೆ ಜ್ವಾಲಾಮುಖಿಯು ಹೊರಚೆಲ್ಲುವ ವಸ್ತುಗಳ ಸ್ವರೂಪವನ್ನು ಮೊದಲು ತಿಳಿಯಬೇಕು.

ಭೂಗರ್ಭದಿಂದ ಹೊರಬರುವ ವಸ್ತುಗಳಲ್ಲಿ ಲಾವಾ ಮತ್ತು ಬೂದಿ ಮುಖ್ಯವಾದವು. ಲಾವಾ ಎಂದರೆ ಕರಗಿದ ಶಿಲಾರಸ. ಅದು ನೆಲದ ಮೇಲೆ ಹರಿದು, ಆರಿ, ಗಟ್ಟಿಬಂಡೆಯಾಗುತ್ತದೆ. ಬೂದಿ ಎಂಬುದು ಒಲೆಯ ಬೂದಿಯಂತಹುದಲ್ಲ. ಶಿಲಾರಸವು ಅನಿಲಗಳ ಒತ್ತಡದಿಂದ ಸಿಡಿದಾಗ ಉಂಟಾಗುವ ಗಾಜಿನಂತಹ ಅತಿ ಸೂಕ್ಷ್ಮ ಚೂರುಗಳೇ ಜ್ವಾಲಾಮುಖಿಯ ಬೂದಿ. ಗಟ್ಟಿಬಂಡೆ ಮಣ್ಣಾಗಲು ದೀರ್ಘಕಾಲ ಬೇಕು. ಬೂದಿಯಾದರೋ ಮೊದಲೇ ಪುಡಿಯಾಗಿರುವುದರಿಂದ ಬಿಸಿಲು ಮಳೆಗಳಿಗೆ ಬೇಗನೆ ಮಣಿಯುತ್ತದೆ.

ಇಂಡೊನೇಷ್ಯದ ಜಾವಾ, ಪೆಸಿಫಿಕ್ ಸಾಗರದ ಹವಾಯಿ ಮುಂತಾದ ದ್ವೀಪಗಳಲ್ಲಿ ಬೂದಿಯಿಂದಾದ ಮಣ್ಣು ಹೇರಳವಾಗಿದೆ. ಹವಾಯಿಯ ಇಳಿಜಾರುಗಳಲ್ಲಿ ಹೊಸ ಲಾವಾ ಹರಿದು ಆರಿದ ಕಡೆ, ಬಂಡೆಯ ಮೇಲೆ ಒಂದೆರಡು ಗೇಣು ಆಳದ ಬೂದಿಮಣ್ಣು ಮಾತ್ರ ಇರುವ ಎಡೆಗಳುಂಟು. ಅಲ್ಲಿ ಮರಗಳು ಬಂಡೆಯ ಬಿರುಕುಗಳಲ್ಲಿ ಬೇರಿಳಿಸಿ ನಿಲ್ಲುತ್ತವೆ. ಈ ಮಣ್ಣು ಹಗುರ. ನೀರನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಎಲೆಗೊಬ್ಬರವನ್ನು ತನ್ನಲ್ಲಿ ಉಳಿಸಿಕೊಂಡು ಕಪ್ಪಾಗುತ್ತದೆ. ಜಪಾನೀ ಭಾಷೆಯಲ್ಲಿ ಕಪ್ಪು ಮಣ್ಣು ಎಂಬ ಅರ್ಥವುಳ್ಳ ಪದದಿಂದಲೇ ವಿಜ್ಞಾನಿಗಳು ಇದಕ್ಕೆ ಆಂಡೊಸಾಲ್ ಎಂದು ಹೆಸರಿಟ್ಟಿದ್ದಾರೆ. ಆದರೆ ಇದಕ್ಕೊಂದು ಕೊರತೆಯೂ ಉಂಟು. ಬೆಳೆಗೆ ಅವಶ್ಯಕವಾದ ರಂಜಕವನ್ನು ಈ ಮಣ್ಣು ಬಿಗಿಯಾಗಿ ಹಿಡಿದುಕೊಂಡು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಭಾರತದಲ್ಲಿಯೂ ಜ್ವಾಲಾಮುಖಿಯ ಬೂದಿ ಬಿದ್ದುದುಂಟು. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ಟೋಬಾ ಜ್ವಾಲಾಮುಖಿ ಸಿಡಿದಾಗ ಅದರ ಬೂದಿ ಸಮುದ್ರವನ್ನು ದಾಟಿ ಬಂದು ಇಲ್ಲಿನ ನದೀಕಣಿವೆಗಳಲ್ಲಿ ನೆಲೆಸಿತು. ಆಂಧ್ರಪ್ರದೇಶದ ಜ್ವಾಲಾಪುರದಲ್ಲಿ ಆ ಬೂದಿಯ ಪದರವನ್ನು ಇಂದಿಗೂ ಕಾಣಬಹುದು. ಆದರೆ ಕರ್ನಾಟಕದ ಎರೆನೆಲವು ಇಂತಹ ಬೂದಿಯಿಂದ ಆದುದಲ್ಲ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ಭೂಮಿ ಬಿರಿದು ಲಾವಾ ಪ್ರವಾಹ ಪ್ರವಾಹವಾಗಿ ಹರಿಯಿತು. ಒಂದರ ಮೇಲೊಂದರಂತೆ ಪದರಗಳು ಕೂಡಿದವು. ಹೀಗೆ ರೂಪುಗೊಂಡ ಬಸಾಲ್ಟ್ ಶಿಲೆಯು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ವ್ಯಾಪಿಸಿದೆ. ಇದೇ ದಖನ್ ಲಾವಾ ಪ್ರಸ್ತರ. ಕರ್ನಾಟಕದಲ್ಲಿ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿಯೂ ಬಾಗಲಕೋಟೆಯ ಉತ್ತರ ಭಾಗದಲ್ಲಿಯೂ ಇದು ಹರಡಿದೆ. ಅಲ್ಲಿನ ಎರೆ ಬಹುಮಟ್ಟಿಗೆ ಈ ಶಿಲೆ ಶಿಥಿಲವಾಗಿ ಆದದ್ದು.

ಯಲವಿಗಿಯ ಸ್ಥಿತಿ ಬೇರೆ. ದಖನ್ ಲಾವಾ ಇಷ್ಟು ದಕ್ಷಿಣಕ್ಕೆ ವ್ಯಾಪಿಸಿಲ್ಲ. ಈ ಭಾಗದ ನೆಲದಡಿ ಇರುವುದು ಅದಕ್ಕಿಂತಲೂ ಎಷ್ಟೋ ಹಳೆಯದಾದ ಧಾರವಾಡ ಶಿಲಾಸಮೂಹ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಈ ಶಿಲೆಗಳನ್ನು ಗುರುತಿಸಿ ಧಾರವಾಡದ ಹೆಸರಿನಿಂದ ಕರೆದರು. ಇವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು. ಹಳೆಯ ಕಾಲದ ಹೂಳು ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ಶಿಲೆಗಳು ಇವುಗಳಲ್ಲಿವೆ. ಪುರಾತನ ಲಾವಾದಿಂದಾದವುಗಳೂ ಇವೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಹರಿದ ಲಾವಾ ದಿಂಬುಗಳ ರಾಶಿಯಂತೆ ಆರಿ ನಿಂತಿದೆ. ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಸಿಡಿಸಿದ ಚೂರುಗಳೇ ಬಂಡೆಯಾಗಿವೆ. ಈ ಎರಡನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಲಾಗಿದೆ.

ಹಾಗಾದರೆ ಎರೆ ಹುಟ್ಟಲು ದಖನ್ ಲಾವಾವೇ ಬೇಕೆಂಬ ನಿಯಮವಿಲ್ಲ. ಸುಣ್ಣ, ಮೆಗ್ನೀಸಿಯಂ, ಕಬ್ಬಿಣಗಳು ತುಂಬಿದ ಶಿಲೆಯಿರಬೇಕು, ಮಳೆ ಮಿತವಾಗಿರಬೇಕು, ನೀರು ಬೇಗನೆ ಬಸಿದುಹೋಗದ ಸಮತಟ್ಟಾದ ನೆಲವಿರಬೇಕು. ಆಗ ಶಿಲೆಯಿಂದ ಬಿಡುಗಡೆಯಾದ ಸುಣ್ಣ, ಮೆಗ್ನೀಸಿಯಂಗಳು ಅಲ್ಲಿಯೇ ಉಳಿದು, ಉಬ್ಬಿ ಕುಗ್ಗುವ ಗುಣವುಳ್ಳ ಸೂಕ್ಷ್ಮ ಜೇಡಿ ಉಂಟಾಗುತ್ತದೆ. ಮಳೆ ಅತಿಯಾದರೆ ಅವು ತೊಳೆದುಹೋಗಿ ಕಬ್ಬಿಣವು ಉಳಿಯುತ್ತದೆ. ಮಣ್ಣು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಮಹಾಬಲೇಶ್ವರದ ನೆಲ ದಖನ್ ಲಾವಾದ ಮೇಲೆಯೇ ಇದ್ದರೂ ಅಲ್ಲಿನ ಮಣ್ಣು ಕೆಂಪು. ಬೀದರದ ಎತ್ತರದ ಬಯಲಿನಲ್ಲಿಯೂ ಬಸಾಲ್ಟಿನ ಮೇಲೆ ಕೆಂಪು ಜಂಬಿಟ್ಟಿಗೆ ಇದೆ. ಮಲೆನಾಡಿಗೆ ಹತ್ತಿರವಾದ ಹಾನಗಲ್ಲಿಗೆ ಸವಣೂರಿಗಿಂತ ಮಳೆ ಹೆಚ್ಚು. ಎರಡು ಸೀಮೆಗಳ ಮಣ್ಣಿನ ಭೇದಕ್ಕೆ ಇದು ಒಂದು ಮುಖ್ಯ ಕಾರಣ.

ಎರೆಯ ಕಪ್ಪನ್ನು ಕಂಡು ಅದರಲ್ಲಿ ಗೊಬ್ಬರದ ಅಂಶ ಬಹಳವೆಂದು ಭಾವಿಸುವುದು ಸಹಜ. ವಾಸ್ತವವಾಗಿ ಅದರಲ್ಲಿ ಸಾವಯವ ಅಂಶ ಕಡಿಮೆಯೇ. ಇರುವ ಅಲ್ಪ ಅಂಶವು ಜೇಡಿಯ ಕಣಗಳೊಡನೆ ಗಾಢವಾಗಿ ಬೆರೆತು ಕಪ್ಪು ಬಣ್ಣ ಕೊಡುತ್ತದೆ. ಎರೆಯ ನಿಜವಾದ ಸಂಪತ್ತು ಅದು ಹಿಡಿದಿಡುವ ನೀರು. ಮಳೆಗಾಲದಲ್ಲಿ ಕುಡಿದ ನೀರನ್ನು ಕಾಯ್ದಿಟ್ಟು, ಮಳೆ ನಿಂತ ಮೇಲೆ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬೆಗಳಿಗೆ ಅದು ಉಣಿಸುತ್ತದೆ. ಹಿಂಗಾರಿ ಬೇಸಾಯದ ಆಧಾರ ಇದೇ. ಬೇಸಗೆಯಲ್ಲಿ ಮೇಲ್ಮಣ್ಣು ಬಿರುಕುಗಳೊಳಗೆ ಉದುರಿ, ಮಳೆಯಲ್ಲಿ ಒಳಮಣ್ಣು ಉಬ್ಬಿ ಮೇಲೇರುವುದರಿಂದ ಎರೆಯನ್ನು ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು ಎನ್ನುವುದುಂಟು. ಆದರೆ ಇದೇ ಉಬ್ಬು ಕುಗ್ಗುಗಳಿಂದ ಎರೆನೆಲದ ಮೇಲೆ ಕಟ್ಟಿದ ಮನೆಯ ಗೋಡೆಗಳು ಸೀಳುತ್ತವೆ, ರಸ್ತೆಗಳು ಕುಸಿಯುತ್ತವೆ.

ಎರೆಯೆಲ್ಲವೂ ಒಂದೇ ಆಳವಾಗಿರುವುದಿಲ್ಲ. ದಿಬ್ಬದ ನೆತ್ತಿಯಲ್ಲಿ ಮತ್ತು ಇಳಿಜಾರಿನಲ್ಲಿ ಮಣ್ಣು ಉಂಟಾಗುತ್ತಿದ್ದಂತೆಯೇ ಮಳೆನೀರು ಅದನ್ನು ಕೆಳಕ್ಕೆ ಒಯ್ಯುತ್ತದೆ. ಆದುದರಿಂದ ಮೇಲೆ ಗೇಣುದ್ದದ ಮಣ್ಣು, ಅದರಡಿ ಗರಸು, ಅದರಡಿ ಬಂಡೆ. ತಗ್ಗಿನಲ್ಲಾದರೋ ಮಣ್ಣಿನ ಆಳ ಆಳೆತ್ತರವನ್ನು ಮೀರುವುದುಂಟು. ಈ ಆಳವೇ ರೈತನ ಭಾಗ್ಯವನ್ನು ನಿರ್ಧರಿಸುತ್ತದೆ. ಒಂದು ಮೀಟರ್ ಆಳದ ಒಳ್ಳೆಯ ಎರೆ, ಬೆಳೆಗೆ ದೊರಕುವಂತಹ ನೀರನ್ನು ಸುಮಾರು 15ರಿಂದ 20 ಸೆಂಟಿಮೀಟರಿನಷ್ಟು ಹಿಡಿದಿಡಬಲ್ಲುದು. ಮಣ್ಣು 25 ಸೆಂಟಿಮೀಟರ್ ಮಾತ್ರ ಇದ್ದರೆ ನೀರೂ ಕಾಲುಭಾಗಕ್ಕೆ ಇಳಿಯುತ್ತದೆ. ಬೆಳೆದು ನಿಂತ ಬೆಳೆ ದಿನಕ್ಕೆ 4ರಿಂದ 5 ಮಿಲಿಮೀಟರ್ ನೀರನ್ನು ಬಳಸುವುದಾದರೆ, ಮಳೆ ನಿಂತ ಮೇಲೆ ತೆಳುಮಣ್ಣಿನ ಹೊಲ ಸುಮಾರು ಹತ್ತು ದಿನಗಳಲ್ಲಿ ಬರಿದಾಗುತ್ತದೆ. ಆಳವಾದ ಹೊಲ ಸುಮಾರು ನಲವತ್ತು ದಿನ ತಾಳುತ್ತದೆ. ಒಂದೇ ಮಳೆಯಲ್ಲಿ ಒಬ್ಬನ ಹೊಲ ತೆನೆಗಟ್ಟಿ, ಪಕ್ಕದವನ ಹೊಲ ಒಣಗುವುದರ ಗುಟ್ಟು ಇದರಲ್ಲಿದೆ.

ಇಂತಹ ಮಣ್ಣಿನ ನಷ್ಟ ಎಂತಹುದೆಂಬುದನ್ನು ಒಂದು ಲೆಕ್ಕದಿಂದ ಅರಿಯಬಹುದು. ಒಂದು ಹೆಕ್ಟೇರಿನ ಮೇಲೆ ಒಂದು ಸೆಂಟಿಮೀಟರ್ ದಪ್ಪದ ಮಣ್ಣು ಎಂದರೆ ನೂರು ಘನ ಮೀಟರ್. ಅದರ ತೂಕ ಸುಮಾರು 130 ಟನ್. ಗಟ್ಟಿಬಂಡೆಯಿಂದ ಇಷ್ಟು ಮಣ್ಣು ಮರಳಿ ಹುಟ್ಟಲು ನೂರಾರು ವರ್ಷಗಳು ಬೇಕು. ಇಳಿಜಾರಿಗೆ ಉದ್ದುದ್ದ ಉತ್ತ ಹೊಲದಲ್ಲಿ ಕೆಲವು ಬಿರುಮಳೆಗಳು ಇದನ್ನು ಕೊಚ್ಚಿಕೊಂಡು ಹೋಗಬಲ್ಲವು. ಸವಣೂರು ಸೀಮೆಯಿಂದ ತೊಳೆದು ಹೋದ ಮಣ್ಣು ವರದೆಗೆ, ವರದೆಯಿಂದ ಗಳಗನಾಥದ ಬಳಿ ತುಂಗಭದ್ರೆಗೆ ಸೇರುತ್ತದೆ. ಹೊಲಕ್ಕೆ ಆದ ನಷ್ಟವು ಕೆಳಗಿನ ಜಲಾಶಯಕ್ಕೆ ಹೂಳಾಗಿ ಪರಿಣಮಿಸುತ್ತದೆ.

ಮಣ್ಣನ್ನು ಕಾಯುವ ಮಾರ್ಗಗಳು ಕಷ್ಟಸಾಧ್ಯವಾದವುಗಳಲ್ಲ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಈ ಕುರಿತು ಕೆಲಸವನ್ನಾರಂಭಿಸಿದವು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಅಡ್ಡಲಾಗಿಯೇ ಕೂರಿಗೆ ಹೊಡೆಯುವುದು, ಒಡ್ಡು ಹಾಕುವುದು, ಹೊಲವನ್ನು ಚೌಕುಮಡಿಗಳಾಗಿ ವಿಂಗಡಿಸಿ ನೀರು ಇಂಗಿಸುವುದು, ಒಡ್ಡಿನ ಮೇಲೆ ಹುಲ್ಲು ಬೆಳೆಸುವುದು ಇವು ಮುಖ್ಯವಾದವು. ಆದರೆ ಮಣ್ಣಿನ ಗುಣವನ್ನರಿತು ಇವನ್ನು ಅನುಸರಿಸಬೇಕು. ತೆಳುಮಣ್ಣಿನಲ್ಲಿ ನೀರನ್ನು ನಿಲ್ಲಿಸುವ ಸಮಪಾತಳಿಯ ಒಡ್ಡು ಪ್ರಯೋಜನಕಾರಿ. ಆಳವಾದ ಎರೆಯಲ್ಲಿ ಅದೇ ಒಡ್ಡು ಬೇಸಗೆಯಲ್ಲಿ ಬಿರಿದು ಮಳೆಗೆ ಒಡೆಯುತ್ತದೆ. ಇಲ್ಲವೆ ಅದರ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತದೆ. ಅಲ್ಲಿ ಹೆಚ್ಚಿನ ನೀರನ್ನು ಮೆಲ್ಲನೆ ಹೊರಗೆ ಸಾಗಿಸುವ ಇಳಿಪಾತಳಿಯ ಒಡ್ಡೇ ಸೂಕ್ತ.

ಬೆಂಕಿಯುಗುಳುವ ಪರ್ವತಗಳ ನಾಡಿನಲ್ಲಿ ಹೊಸ ಬೂದಿ ಬಿದ್ದು ನೆಲ ಮತ್ತೆ ಹೊಸದಾಗುವ ಅವಕಾಶವಿದೆ. ಎರೆಸೀಮೆಗೆ ಆ ಅವಕಾಶವಿಲ್ಲ. ಇಲ್ಲಿನ ಬೆಂಕಿ ಆರಿ ಕೋಟ್ಯಂತರ ವರ್ಷಗಳಾಗಿವೆ. ಪೂರ್ವಿಕರಿಂದ ಬಂದ ಈ ಮಣ್ಣಿಗೆ ಹೊಸದಾಗಿ ಸೇರುವುದು ಅತ್ಯಲ್ಪ; ಕಳೆದುಹೋಗುವುದು ಮಾತ್ರ ಒಂದೇ ಮಳೆಯ ಕೆಲಸ. ಒಂದು ತಲೆಮಾರಿನ ಅಲಕ್ಷ್ಯದಿಂದ ಹೋದ ಮಣ್ಣನ್ನು ಹತ್ತು ತಲೆಮಾರುಗಳ ದುಡಿಮೆಯೂ ಮರಳಿ ತರಲಾರದು. ಹೊಲದ ಬದುವಿಗೆ ಹಾಕುವ ಒಂದೊಂದು ಬುಟ್ಟಿ ಮಣ್ಣೂ ಮುಂದಿನವರ ಅನ್ನದ ರಕ್ಷಣೆ ಎಂಬುದನ್ನು ಅರಿತವನೇ ನಿಜವಾದ ಒಕ್ಕಲಿಗ.