ದುಡಿಮೆಗೆ ಮನಸ್ಸು ಬರುವುದು ಹೇಗೆ? ಅಭಿಪ್ರೇರಣೆಯ ಪಾಠಕ್ಕೆ ದಿನೇಶ್ ಬೀಡಿಯ ನಿದರ್ಶನ

ಹನ್ನೆರಡನೆಯ ತರಗತಿಯ ವ್ಯವಹಾರ ಅಧ್ಯಯನದಲ್ಲಿ ‘ನಿರ್ದೇಶನ’ ಎಂಬ ಅಧ್ಯಾಯವಿದೆ. ಮೇಲ್ವಿಚಾರಣೆ, ಅಭಿಪ್ರೇರಣೆ, ನಾಯಕತ್ವ ಮತ್ತು ಸಂವಹನ ಎಂಬವು ಅದರ ನಾಲ್ಕು ಅಂಗಗಳು. ಇವುಗಳಲ್ಲಿ ಅಭಿಪ್ರೇರಣೆಯು ಪರೀಕ್ಷೆಯ ದೃಷ್ಟಿಯಿಂದ ಸುಲಭವಾದುದು, ಅರ್ಥದ ದೃಷ್ಟಿಯಿಂದ ಕಠಿಣವಾದುದು. ಮಾಸ್ಲೋ ಹೇಳಿದ ಅಗತ್ಯಗಳ ಐದು ಮೆಟ್ಟಿಲುಗಳನ್ನು ವಿದ್ಯಾರ್ಥಿಗಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಒಬ್ಬ ಕೆಲಸಗಾರ ಒಂದೆಡೆ ಮನಸ್ಸಿಟ್ಟು ದುಡಿಯುತ್ತಾನೆ, ಇನ್ನೊಂದೆಡೆ ಅದೇ ಕೆಲಸವನ್ನು ಬೇಸರದಿಂದ ಮಾಡುತ್ತಾನೆ; ಇದಕ್ಕೆ ಕಾರಣವೇನೆಂದು ಕೇಳಿದರೆ ಉತ್ತರ ಬರುವುದಿಲ್ಲ.

ಇದಕ್ಕೆ ಒಂದು ಕಾರಣ ನಾವು ಆರಿಸಿಕೊಳ್ಳುವ ಉದಾಹರಣೆಗಳು. ಅಮೆರಿಕದ ಉಕ್ಕಿನ ಕಾರ್ಖಾನೆಯಾಗಲಿ ದೊಡ್ಡ ನಗರದ ಕಂಪನಿಯಾಗಲಿ ಮಕ್ಕಳ ಅನುಭವಕ್ಕೆ ದೂರವಾದವು. ಆದರೆ ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ನಮ್ಮ ಅನೇಕ ಶಾಲೆಗಳ ಮಕ್ಕಳು ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಬೀಡಿ ಕಟ್ಟುವುದನ್ನು ಕಂಡವರು. ಈ ಕಸುಬಿನಲ್ಲಿಯೇ, ಕಾಸರಗೋಡಿಗೆ ಹೊಂದಿಕೊಂಡಿರುವ ಕಣ್ಣೂರಿನಲ್ಲಿ, ಅಭಿಪ್ರೇರಣೆಯ ಪಾಠಕ್ಕೆ ಒದಗಬಲ್ಲ ಒಂದು ಉತ್ತಮ ನಿದರ್ಶನವಿದೆ. ಅದು ಕೇರಳ ದಿನೇಶ್ ಬೀಡಿ ಕಾರ್ಮಿಕರ ಸಹಕಾರ ಸಂಘ. ಆ ಸಂಘದ ಕಥೆಯನ್ನು ಪಾಠಕ್ಕೆ ಹೊಂದಿಸಿಕೊಳ್ಳುವ ಬಗೆಯನ್ನು ಈ ಲೇಖನವು ವಿವರಿಸುತ್ತದೆ.

ಸಿದ್ಧಾಂತಗಳ ಸಾರ

ಮೊದಲು ಸಿದ್ಧಾಂತಗಳನ್ನು ಸಂಕ್ಷೇಪವಾಗಿ ನೆನಪಿಸಿಕೊಳ್ಳೋಣ. ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ವೈಜ್ಞಾನಿಕ ನಿರ್ವಹಣೆಯ ಗ್ರಂಥದಲ್ಲಿ ಯೋಜಿಸುವವರನ್ನೂ ದುಡಿಯುವವರನ್ನೂ ಬೇರ್ಪಡಿಸಿದನು. ಹೆಚ್ಚು ಮಾಡಿದವನಿಗೆ ಹೆಚ್ಚು ಕೂಲಿ ಎಂಬುದು ಅವನ ಮುಖ್ಯ ಪ್ರೇರಕ. 1924ರಿಂದ 1932ರವರೆಗೆ ಷಿಕಾಗೋ ಸಮೀಪದ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಅಧ್ಯಯನಗಳು ಈ ನೋಟಕ್ಕೆ ತಿದ್ದುಪಡಿ ತಂದವು. ಕೆಲಸಗಾರರ ಗುಂಪು, ಅವರ ಪರಸ್ಪರ ಸಂಬಂಧ, ತಮ್ಮನ್ನು ಯಾರೋ ಗಮನಿಸಿ ಕೇಳುತ್ತಿದ್ದಾರೆಂಬ ಭಾವನೆ, ಇವುಗಳಿಗೂ ಉತ್ಪಾದನೆಗೂ ಸಂಬಂಧವಿದೆಯೆಂಬ ವಿಚಾರಕ್ಕೆ ಅವು ನಾಂದಿಯಾದವು.

ಮಾಸ್ಲೋ 1943ರಲ್ಲಿ ಮನುಷ್ಯನ ಅಗತ್ಯಗಳನ್ನು ಶಾರೀರಿಕ ಅಗತ್ಯಗಳಿಂದ ಸ್ವಸಾಕ್ಷಾತ್ಕಾರದವರೆಗೆ ಶ್ರೇಣಿಯಾಗಿ ಜೋಡಿಸಿದನು. ಹರ್ಜ್‌ಬರ್ಗ್ 1959ರಲ್ಲಿ ಒಂದು ಸೂಕ್ಷ್ಮ ಭೇದವನ್ನು ತೋರಿಸಿದನು. ಕೂಲಿ, ಭದ್ರತೆ, ಕೆಲಸದ ಸ್ಥಳದ ಸ್ಥಿತಿ ಇವು ಸರಿಯಿಲ್ಲದಿದ್ದರೆ ಅತೃಪ್ತಿ ಹುಟ್ಟುತ್ತದೆ. ಆದರೆ ಇವು ಸರಿಯಿದ್ದ ಮಾತ್ರಕ್ಕೆ ಉತ್ಸಾಹ ಹುಟ್ಟುವುದಿಲ್ಲ. ಉತ್ಸಾಹಕ್ಕೆ ಹೊಣೆಗಾರಿಕೆ, ಮನ್ನಣೆ, ಸಾಧನೆಯ ತೃಪ್ತಿ ಬೇಕು. ಮೆಕ್‌ಗ್ರೆಗರ್ 1960ರಲ್ಲಿ ನಿರ್ವಾಹಕನ ಕಡೆಗೇ ಬೆರಳು ತೋರಿಸಿದನು. ಕೆಲಸಗಾರ ಸ್ವಭಾವತಃ ಸೋಮಾರಿಯೆಂದು ನಂಬಿದವನು ಕಾವಲನ್ನು ಹೆಚ್ಚಿಸುತ್ತಾನೆ; ಅವನು ಹೊಣೆ ಹೊರಬಲ್ಲನೆಂದು ನಂಬಿದವನು ಹೊಣೆಯನ್ನು ಹಂಚುತ್ತಾನೆ. ಈ ಎರಡು ನಂಬಿಕೆಗಳಿಗೆ ಅವನು ಕ್ರಮವಾಗಿ ಎಕ್ಸ್ ಮತ್ತು ವೈ ಸಿದ್ಧಾಂತಗಳೆಂದು ಹೆಸರಿಟ್ಟನು.

ಬೀಡಿಯ ದುಡಿಮೆ

ಬೀಡಿ ಕಟ್ಟುವುದು ಯಂತ್ರವಿಲ್ಲದ ಕೆಲಸ. ಎಲೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಬೇಕು, ಅಳತೆಗೆ ತಕ್ಕಂತೆ ಕತ್ತರಿಸಬೇಕು, ಹೊಗೆಸೊಪ್ಪಿನ ಪುಡಿಯನ್ನು ಹದವಾಗಿ ತುಂಬಿ ಸುರುಳಿ ಸುತ್ತಬೇಕು, ತುದಿ ಮಡಚಿ ನೂಲು ಕಟ್ಟಬೇಕು. ಕೂಲಿ ಸಾವಿರ ಬೀಡಿಗೆ ಇಷ್ಟೆಂದು ನಿಗದಿಯಾಗಿರುತ್ತದೆ. ಇದು ಟೇಲರನು ಒಪ್ಪಬಹುದಾದ ತುಂಡುಗೂಲಿ ಪದ್ಧತಿ.

ಆದರೆ ಈ ಪದ್ಧತಿಯಲ್ಲಿ ಒಂದು ಬಿಕ್ಕಟ್ಟು ಅಡಗಿದೆ. ತುಂಡುಗೂಲಿ ವೇಗವನ್ನು ಪ್ರೋತ್ಸಾಹಿಸುತ್ತದೆಯೇ ಹೊರತು ಗುಣಮಟ್ಟವನ್ನಲ್ಲ. ಆದುದರಿಂದ ಗುಣಮಟ್ಟ ಕಾಯಲು ಪರೀಕ್ಷಕನು ಬೇಕಾಗುತ್ತಾನೆ. ಅವನು ತಳ್ಳಿಹಾಕಿದ ಬೀಡಿಗೆ ಕೂಲಿ ಇಲ್ಲ. ತಳ್ಳಿಹಾಕುವ ಅಧಿಕಾರಕ್ಕೆ ಅಂಕೆಯಿಲ್ಲದಿದ್ದರೆ ಗುಣಮಟ್ಟದ ಪರೀಕ್ಷೆಯೇ ಕೂಲಿ ಕಡಿತದ ಉಪಾಯವಾಗುತ್ತದೆ. ಗುತ್ತಿಗೆದಾರರ ಮೂಲಕ ಮನೆಮನೆಗೆ ಎಲೆ ಮತ್ತು ಹೊಗೆಸೊಪ್ಪು ಹಂಚುವ ಕಡೆಗಳಲ್ಲಿ ಇನ್ನೊಂದು ತೊಡಕೂ ಉಂಟು. ತೂಕದಲ್ಲಿ ಎಲೆ ಕಡಿಮೆಯಾದರೂ ಒಪ್ಪಿಸಬೇಕಾದ ಬೀಡಿಯ ಲೆಕ್ಕ ಕಡಿಮೆಯಾಗುವುದಿಲ್ಲ. ಕೊರತೆಯನ್ನು ಕಟ್ಟುವವರೇ ತುಂಬಬೇಕು. ಇಂತಹ ವ್ಯವಸ್ಥೆಯಲ್ಲಿ ಕೆಲಸಗಾರರು ಮನಸ್ಸಿಟ್ಟು ದುಡಿಯುವುದಿಲ್ಲವೆಂದು ದೂರುವ ಮುನ್ನ, ಮನಸ್ಸಿಡಲು ಕಾರಣವನ್ನು ಕೊಟ್ಟವರು ಯಾರು ಎಂದು ಕೇಳಬೇಕಾಗುತ್ತದೆ.

ಸಂಘ ಹುಟ್ಟಿದ ಸಂದರ್ಭ

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಅಂಗೀಕರಿಸಿತು. ಕೆಲಸದ ಅವಧಿ, ರಜೆ, ಕೆಲಸದ ಸ್ಥಳದ ಸೌಕರ್ಯ ಮೊದಲಾದವುಗಳನ್ನು ಅದು ನಿಯಮಕ್ಕೆ ಒಳಪಡಿಸಿತು. ಕೇರಳ ಸರ್ಕಾರವು 1968ರಲ್ಲಿ ಈ ಕಾಯ್ದೆಯನ್ನು ಜಾರಿಗೊಳಿಸಲು ಮುಂದಾದಾಗ, ಮಂಗಳೂರನ್ನು ಕೇಂದ್ರವಾಗಿ ಹೊಂದಿದ್ದ ಖಾಸಗಿ ಕಂಪನಿಗಳು ಕಣ್ಣೂರು ಜಿಲ್ಲೆಯಲ್ಲಿದ್ದ ತಮ್ಮ ಕೇಂದ್ರಗಳನ್ನು ಮುಚ್ಚಿದವು. ಸುಮಾರು 12,000 ಕಾರ್ಮಿಕರು ಕೆಲಸ ಕಳೆದುಕೊಂಡರು. ಇಂದಿನ ಕಾಸರಗೋಡು ಜಿಲ್ಲೆಯೂ ಆಗ ಕಣ್ಣೂರು ಜಿಲ್ಲೆಯೊಳಗೇ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅದು ಪ್ರತ್ಯೇಕ ಜಿಲ್ಲೆಯಾದುದು 1984ರಲ್ಲಿ.

ಈ ಸಂಕಟಕ್ಕೆ ಉತ್ತರವಾಗಿ 1969ರ ಫೆಬ್ರವರಿಯಲ್ಲಿ ದಿನೇಶ್ ಬೀಡಿ ಸಹಕಾರ ಸಂಘವು ಆರಂಭವಾಯಿತು. ಸದಸ್ಯರಾದ ಕಾರ್ಮಿಕರು ಷೇರಿನ ಬೆಲೆಯ ಅಲ್ಪ ಭಾಗವನ್ನು ಮಾತ್ರ ಕೈಯಿಂದ ಕೊಟ್ಟರು. ಉಳಿದುದಕ್ಕೆ ಸರ್ಕಾರ ಸಾಲ ನೀಡಿತು. ಅದು ಕೂಲಿಯಿಂದ ಕಂತುಕಂತಾಗಿ ತೀರಬೇಕಾಗಿತ್ತು. ಸರ್ಕಾರದಿಂದ ನೇಮಕಗೊಂಡ ಜಿ. ಕೆ. ಪಣಿಕ್ಕರ್ ಅವರು ಅಧ್ಯಕ್ಷರಾಗಿ ದೀರ್ಘಕಾಲ ಸಂಘವನ್ನು ಮುನ್ನಡೆಸಿದರು. ಮುಂದೆ ಏಳಿಗೆಯ ದಿನಗಳಲ್ಲಿ ಅದರಲ್ಲಿ 30,000ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು.

ಏನು ಬದಲಾಯಿತು?

ವಿದ್ಯಾರ್ಥಿಗಳ ಗಮನವನ್ನು ಇಲ್ಲಿ ಒಂದು ಅಂಶದತ್ತ ಸೆಳೆಯಬೇಕು. ಎಲೆ ಅದೇ, ಹೊಗೆಸೊಪ್ಪು ಅದೇ, ಕೈಗಳೂ ಅವೇ. ತುಂಡುಗೂಲಿಯೂ ಉಳಿಯಿತು. ಆದರೂ ಕೆಲಸದ ಸ್ವರೂಪ ಬದಲಾಯಿತು. ಈ ಬದಲಾವಣೆಯನ್ನು ನಾಲ್ಕು ಅಂಶಗಳಲ್ಲಿ ವಿವರಿಸಬಹುದು.

ಮೊದಲನೆಯದು ಭದ್ರತೆ. ಕನಿಷ್ಠ ಕೂಲಿ, ಭವಿಷ್ಯನಿಧಿ, ಬೋನಸ್, ಸಂಬಳಸಹಿತ ರಜೆ ಮೊದಲಾದವು ಕಾಗದದ ಮೇಲಿನ ಹಕ್ಕುಗಳಾಗಿ ಉಳಿಯದೆ ಕೈಗೆ ಬಂದವು. ಹರ್ಜ್‌ಬರ್ಗನ ಮಾತಿನಲ್ಲಿ ಹೇಳುವುದಾದರೆ, ಅತೃಪ್ತಿಯ ಮೂಲಗಳು ಮೊದಲು ನಿವಾರಣೆಯಾದವು.

ಎರಡನೆಯದು ಆಡಳಿತದಲ್ಲಿ ಪಾಲು. ಸಂಘದ ರಚನೆ ಎರಡು ಹಂತಗಳದು. ಕಚ್ಚಾವಸ್ತು ಕೊಳ್ಳುವುದು, ಮಾಲು ಮಾರುವುದು ಇತ್ಯಾದಿ ಕೆಲಸಗಳು ಕೇಂದ್ರ ಸಂಘದವು. ಬೀಡಿ ಕಟ್ಟಿಸುವ ಕೆಲಸ ಪ್ರಾಥಮಿಕ ಸಂಘಗಳದು. ಪ್ರಾಥಮಿಕ ಸಂಘಗಳ ಆಡಳಿತ ಮಂಡಳಿಗೆ ಬಹುಪಾಲು ನಿರ್ದೇಶಕರನ್ನು ಕಾರ್ಮಿಕರೇ ತಮ್ಮೊಳಗಿನಿಂದ ಚುನಾಯಿಸುತ್ತಿದ್ದರು. ಕೊಳ್ಳುವಿಕೆಯಲ್ಲಿಯೂ ಮಾರಾಟದಲ್ಲಿಯೂ ಒಗ್ಗಟ್ಟಿನ ಬಲ ಬೇಕು. ದಿನನಿತ್ಯದ ಕೆಲಸದಲ್ಲಿ ಹತ್ತಿರದ ಹೊಣೆ ಬೇಕು. ಎರಡನ್ನೂ ಬೇರ್ಪಡಿಸಿ ಹಂಚಿದ್ದು ಈ ರಚನೆಯ ಜಾಣ್ಮೆ.

ಮೂರನೆಯದು ಮೇಲ್ವಿಚಾರಣೆಯ ಅರ್ಥ. ಗುಣಮಟ್ಟದ ಪರೀಕ್ಷೆ ಸಂಘದಲ್ಲಿಯೂ ಇತ್ತು. ಅದಿಲ್ಲದೆ ಮಾರುಕಟ್ಟೆಯಲ್ಲಿ ಹೆಸರು ಉಳಿಯುವುದಿಲ್ಲ. ಆದರೆ ಪರೀಕ್ಷಿಸುವವನ ಮೇಲೆ ಪ್ರಶ್ನೆ ಎತ್ತಲು ಚುನಾಯಿತ ಮಂಡಳಿಯಿತ್ತು, ಕಾರ್ಮಿಕ ಸಂಘಟನೆಯೂ ಇತ್ತು. ಕೆಟ್ಟ ಬೀಡಿಯಿಂದ ಕೆಡುವುದು ತಮ್ಮದೇ ಸಂಘದ ಹೆಸರು ಎಂಬುದೂ ಕಟ್ಟುವವರಿಗೆ ತಿಳಿದಿತ್ತು. ಶಿಸ್ತು ಹೋಗಲಿಲ್ಲ, ಶಿಸ್ತಿಗೆ ಉತ್ತರದಾಯಿತ್ವ ಸೇರಿತು.

ನಾಲ್ಕನೆಯದು ಒಟ್ಟಿಗೆ ಕುಳಿತು ಮಾಡುವ ಕೆಲಸ. ಒಬ್ಬೊಬ್ಬರು ಒಂದೊಂದು ಮನೆಯ ಜಗಲಿಯಲ್ಲಿ ಕುಳಿತರೆ ಇನ್ನೊಬ್ಬರಿಗೆ ಸಿಕ್ಕ ಕೂಲಿ ಎಷ್ಟೆಂಬುದೂ ತಿಳಿಯದು. ದೊಡ್ಡ ಕೊಠಡಿಯಲ್ಲಿ ಸಾಲಾಗಿ ಕುಳಿತವರಿಗೆ ಎಲ್ಲವೂ ಕಣ್ಣೆದುರಿಗೆ ಇರುತ್ತದೆ. ಹಾಥಾರ್ನ್ ಅಧ್ಯಯನಗಳು ಹೇಳಿದ ಗುಂಪಿನ ಬಲವನ್ನು ಇಲ್ಲಿ ಗುರುತಿಸಬಹುದು.

ಓದಿ ಹೇಳುವ ಪದ್ಧತಿ

ಉತ್ತರ ಕೇರಳದ ಬೀಡಿ ಕೇಂದ್ರಗಳಲ್ಲಿ ಸಹಕಾರ ಸಂಘಕ್ಕಿಂತಲೂ ಹಳೆಯದಾದ ಒಂದು ಪದ್ಧತಿಯಿತ್ತು. ಎಲ್ಲರೂ ಬೀಡಿ ಕಟ್ಟುತ್ತಿರುವಾಗ ಒಬ್ಬರು ಗಟ್ಟಿಯಾಗಿ ಪತ್ರಿಕೆಗಳನ್ನು ಓದುತ್ತಿದ್ದರು. ಕಥೆ ಕಾದಂಬರಿಗಳ ಓದೂ ನಡೆಯುತ್ತಿತ್ತು. ಓದುವವರ ಕೈಗಳು ಬಿಡುವಾಗಿರುವುದರಿಂದ ಅವರಿಗೆ ಕೂಲಿ ನಷ್ಟವಾಗಬಾರದೆಂದು ಉಳಿದವರು ತಮ್ಮ ಪಾಲಿನಿಂದ ಅದನ್ನು ತುಂಬಿಕೊಡುತ್ತಿದ್ದರು. ಸಹಕಾರ ಸಂಘದ ಕೇಂದ್ರಗಳಲ್ಲಿಯೂ ಇದು ಮುಂದುವರಿಯಿತು. ಕ್ಯೂಬಾದ ಹವಾನಾ ನಗರದ ಸಿಗಾರ್ ಕಾರ್ಖಾನೆಗಳಲ್ಲಿಯೂ 1865ರಿಂದ ಇಂತಹುದೇ ಪದ್ಧತಿ ಬೆಳೆದುಬಂದಿತ್ತು.

ಅಭಿಪ್ರೇರಣೆಯ ಪಟ್ಟಿಗಳಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ಆದರೆ ಇದರಲ್ಲಿ ಮೂರು ಸಂಗತಿಗಳು ಕೂಡಿವೆ. ಏಕತಾನದ ಕೆಲಸದ ಬೇಸರ ಕಳೆಯುತ್ತದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವರಿಗೂ ಲೋಕದ ವಿಚಾರ ತಿಳಿಯುತ್ತದೆ. ಸಂಘದ ಸಭೆಯಲ್ಲಿ ಎದ್ದು ಮಾತಾಡುವ ಧೈರ್ಯ ಇಂತಹ ಕೇಳ್ಮೆಯಿಂದಲೇ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಇದನ್ನು ಯಾವ ನಿರ್ವಾಹಕನೂ ಪ್ರೋತ್ಸಾಹಕವೆಂದು ನೀಡಿದ್ದಲ್ಲ. ಕೆಲಸಗಾರರು ತಾವೇ ಕಟ್ಟಿಕೊಂಡು ತಮ್ಮ ಖರ್ಚಿನಲ್ಲಿ ನಡೆಸಿದರು. ಒಳ್ಳೆಯ ನಿರ್ವಹಣೆ ಮಾಡಬೇಕಾದುದು ಕೆಲವೊಮ್ಮೆ ಇಂತಹುದಕ್ಕೆ ಅಡ್ಡಿಬಾರದಿರುವುದಷ್ಟೆ.

ಅಭಿಪ್ರೇರಣೆಯ ಮಿತಿ

ಈ ಕಥೆಯನ್ನು ಕೇವಲ ಗೆಲುವಿನ ಕಥೆಯಾಗಿ ಹೇಳಿದರೆ ಪಾಠ ಅಪೂರ್ಣವಾಗುತ್ತದೆ. ನ್ಯಾಯವಾದ ಕೂಲಿ ಕೊಡುವ ಸಂಸ್ಥೆಯ ಉತ್ಪಾದನಾ ವೆಚ್ಚ ಹೆಚ್ಚು. ಗುತ್ತಿಗೆಯಲ್ಲಿ ಕಡಿಮೆ ಕೂಲಿಗೆ ಕಟ್ಟಿಸಿದ ಬೀಡಿಯೊಡನೆ ಅದು ಸದಾ ಸ್ಪರ್ಧಿಸಬೇಕಾಯಿತು. ಬೀಡಿಗೆ ಇದ್ದ ಬೇಡಿಕೆಯೂ ಇಳಿಯತೊಡಗಿತು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿ ಕೇರಳ ಉಚ್ಚ ನ್ಯಾಯಾಲಯವು 1999ರಲ್ಲಿ ತೀರ್ಪು ನೀಡಿತು. 2003ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತಂಬಾಕು ನಿಯಂತ್ರಣ ಕಾಯ್ದೆ ಬಂದಿತು. ಕಾರ್ಮಿಕರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗಿತು.

ಎಷ್ಟೇ ಮನಸ್ಸಿಟ್ಟು ಕಟ್ಟಿದರೂ ಕೊಳ್ಳುವವರಿಲ್ಲದ ಮಾಲು ಉಳಿಯುತ್ತದೆ. ಅಭಿಪ್ರೇರಣೆಯು ಕೆಲಸವನ್ನು ಚೆನ್ನಾಗಿ ಮಾಡಿಸಬಲ್ಲುದು. ಯಾವ ಕೆಲಸ ಮಾಡಬೇಕೆಂಬುದನ್ನು ನಿರ್ಧರಿಸಲಾರದು. ಅದು ಯೋಜನೆಯ ಹೊಣೆ. ದಿನೇಶ್ ಸಂಘವು ಈ ಹೊಣೆಯನ್ನು ಕೈಬಿಡಲಿಲ್ಲ. ಆಹಾರ ಪದಾರ್ಥ, ಕೊಡೆ, ಸಿದ್ಧ ಉಡುಪು, ಮಾಹಿತಿ ತಂತ್ರಜ್ಞಾನ ಮೊದಲಾದ ಬೇರೆ ಉದ್ಯಮಗಳಿಗೆ ಕೈಚಾಚಿತು. ಬೀಡಿ ಕುಗ್ಗಿತೆಂದು ಕೈಕಟ್ಟಿ ಕೂರದೆ, ತನ್ನವರಿಗೆ ಬೇರೆ ದುಡಿಮೆಯನ್ನು ಹುಡುಕಿತು.

ತರಗತಿಯಲ್ಲಿ ಬಳಸುವ ಕ್ರಮ

ಈ ಪಾಠವನ್ನು ಮಾಡುವಾಗ ಅಧ್ಯಾಪಕರು ಒಂದು ಎಚ್ಚರ ವಹಿಸಬೇಕು. ತರಗತಿಯಲ್ಲಿ ಬೀಡಿ ಕಟ್ಟುವವರ ಮಕ್ಕಳು ಕುಳಿತಿರಬಹುದು. ಸೊಲ್ಲಾಪುರದ ಬಳಿಯ ಕುಂಭಾರಿಯಲ್ಲಿ ಬೀಡಿ ಕಟ್ಟುವ ಮಹಿಳೆಯರಿಗಾಗಿ ಹತ್ತು ಸಾವಿರ ಮನೆಗಳ ವಸತಿ ಎದ್ದಿರುವುದನ್ನು ನೆನೆದರೆ ಈ ಕಸುಬಿನ ವ್ಯಾಪ್ತಿ ತಿಳಿದೀತು. ತಂಬಾಕಿನ ಹಾನಿಯನ್ನು ಮರೆಮಾಚಬಾರದು. ಆ ಹಾನಿಯ ಹೆಸರಿನಲ್ಲಿ ದುಡಿಯುವ ಕೈಗಳನ್ನು ಹೀನಾಯವಾಗಿ ಕಾಣಲೂ ಬಾರದು. ಎಲೆಯ ಧೂಳಿನಲ್ಲಿ ದಿನವಿಡೀ ಕೂರುವವರೇ ಆ ಹಾನಿಯನ್ನು ಮೊದಲು ಉಣ್ಣುವವರು ಎಂಬುದನ್ನು ಮಕ್ಕಳಿಗೆ ಹೇಳಬಹುದು.

ಪಾಠದ ಬಳಿಕ ಈ ಚಟುವಟಿಕೆಗಳನ್ನು ಮಾಡಿಸಬಹುದು.

1. ತಮ್ಮ ಊರಿನ ಒಂದು ದುಡಿಮೆಯ ಸ್ಥಳವನ್ನು, ಉದಾಹರಣೆಗೆ ಹಾಲಿನ ಸಹಕಾರ ಸಂಘ, ಮಗ್ಗದ ಮನೆ, ಚಹಾ ತೋಟ ಅಥವಾ ಅಂಗಡಿಯನ್ನು ವಿದ್ಯಾರ್ಥಿಗಳು ಗಮನಿಸಲಿ. ಅಲ್ಲಿ ಕೂಲಿ ಹೇಗೆ ಲೆಕ್ಕವಾಗುತ್ತದೆ, ಮಾಲು ಕೆಟ್ಟರೆ ನಷ್ಟ ಯಾರದು, ದೂರನ್ನು ಯಾರಲ್ಲಿ ಹೇಳಿಕೊಳ್ಳಬಹುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲಿ. ವ್ಯಕ್ತಿಗಳ ಹೆಸರು ಬೇಡ.

2. ದಿನೇಶ್ ಸಂಘದ ಪ್ರತಿಯೊಂದು ಕ್ರಮವನ್ನೂ ಮಾಸ್ಲೋವಿನ ಮೆಟ್ಟಿಲುಗಳಲ್ಲಿ ಯಾವುದಕ್ಕೆ ಸೇರಿಸಬಹುದೆಂದು ಗುಂಪುಗಳಲ್ಲಿ ಚರ್ಚಿಸಲಿ. ಓದಿ ಹೇಳುವ ಪದ್ಧತಿಯು ಒಂದಕ್ಕಿಂತ ಹೆಚ್ಚು ಮೆಟ್ಟಿಲುಗಳಿಗೆ ಸೇರುವುದನ್ನು ಅವರೇ ಕಂಡುಕೊಳ್ಳಲಿ.

3. ಕರಕೌಶಲದ ಅವಧಿಯಲ್ಲಿ ಒಬ್ಬ ವಿದ್ಯಾರ್ಥಿ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಲಿ, ಉಳಿದವರು ಕೆಲಸ ಮಾಡುತ್ತ ಕೇಳಲಿ. ಓದಿದವನ ಕೆಲಸದ ಪಾಲನ್ನು ಉಳಿದವರು ಮುಗಿಸಿಕೊಡಲಿ. ಸರದಿ ದಿನದಿನವೂ ಬದಲಾಗಲಿ. ಸುತ್ತಲೂ ಬೇರೆ ಭಾಷೆ ಕೇಳುವ ನಮ್ಮ ಊರುಗಳಲ್ಲಿ ಕನ್ನಡವನ್ನು ಗಟ್ಟಿಯಾಗಿ ಓದುವ, ಕಿವಿಗೊಟ್ಟು ಕೇಳುವ ಅವಕಾಶವೂ ಇದರಿಂದ ದೊರೆಯುತ್ತದೆ.

4. ‘ಕಾವಲು ಹೆಚ್ಚಿದಷ್ಟೂ ಕೆಲಸ ಚೆನ್ನಾಗುತ್ತದೆ’ ಎಂಬ ವಿಷಯದ ಮೇಲೆ ಚರ್ಚಾಸ್ಪರ್ಧೆ ಏರ್ಪಡಿಸಬಹುದು. ಪರ ಮತ್ತು ವಿರೋಧ ಪಕ್ಷದವರಿಬ್ಬರೂ ಸ್ಥಳೀಯ ಉದಾಹರಣೆಗಳನ್ನೇ ಕೊಡಬೇಕೆಂಬ ನಿಯಮವಿರಲಿ.

ಮೌಲ್ಯಮಾಪನದಲ್ಲಿ ಸಿದ್ಧಾಂತಿಗಳ ಹೆಸರಿಗೂ ಇಸವಿಗೂ ಅಲ್ಪ ಅಂಕಗಳಿದ್ದರೆ ಸಾಕು. ಲೆಕ್ಕ ತಿಳಿಯುವ ಹಕ್ಕು, ಮಾತಾಡುವ ಅವಕಾಶ ಮತ್ತು ನ್ಯಾಯವಾದ ಕೂಲಿ ಇವು ಮೂರೂ ಒಂದಾದಾಗ ದುಡಿಮೆಗೆ ಮನಸ್ಸು ಬರುತ್ತದೆಂಬುದನ್ನು ವಿದ್ಯಾರ್ಥಿಯು ತನ್ನ ಊರಿನ ಒಂದು ಉದಾಹರಣೆಯಿಂದ ವಿವರಿಸಬಲ್ಲನಾದರೆ, ಪಾಠವು ತಲುಪಿತೆಂದು ಅಧ್ಯಾಪಕರು ತಿಳಿಯಬಹುದು.