ಅಸಲಿ ಕ್ಯಾಮರೋ, ಎರವಲು ಎಂಜಿನ್

1969ರ ಷೆವ್ರೊಲೆ ಕ್ಯಾಮರೋ ಝಡ್-28 ಕೊಳ್ಳಲು ಬರುವ ತಿಳಿದವರು ಬಣ್ಣ, ಸೀಟು ನೋಡುವ ಮೊದಲೇ ಬಾನೆಟ್ ಎತ್ತಿಸುತ್ತಾರೆ. ಎಂಜಿನ್ನಿನ ಮುಂಭಾಗದಲ್ಲಿ, ಬಲಬದಿಯ ಸಿಲಿಂಡರ್ ಹೆಡ್ಡಿಗೆ ತಾಗಿದಂತೆ, ಒಂದು ಸಣ್ಣ ಸಮತಟ್ಟಾದ ಪಟ್ಟಿ ಇದೆ. ಎಂಜಿನ್ ಜೋಡಿಸಿದ ಕಾರ್ಖಾನೆಯ ಗುರುತು, ತಿಂಗಳು, ದಿನ, ಕೊನೆಗೆ ‘ಡಿಝಡ್’ ಎಂಬ ಎರಡು ಅಕ್ಷರಗಳನ್ನು ಅಲ್ಲಿ ಒತ್ತಿರುತ್ತಾರೆ. ಕಾರಿನ ಕ್ರಮಸಂಖ್ಯೆಯ ಒಂದು ಭಾಗವೂ ಬ್ಲಾಕಿನ ಮೇಲಿರುತ್ತದೆ. ಇವೆಲ್ಲ ಕಾರಿನ ದಾಖಲೆಗೆ ತಾಳೆಯಾದರೆ ಅದು ಹುಟ್ಟಿದ ಎಂಜಿನ್ನನ್ನೇ ಉಳಿಸಿಕೊಂಡ ಕಾರು ಎಂದು ಲೆಕ್ಕ, ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ನಮ್ಮ ಆರ್‌ಸಿಯಲ್ಲಿ ಚಾಸಿಸ್ ನಂಬರಿನ ಜೊತೆ ಎಂಜಿನ್ ನಂಬರೂ ಇರುವುದರಿಂದ ಈ ಲೆಕ್ಕಾಚಾರ ನಮಗೆ ಹೊಸದೇನಲ್ಲ.

ತೊಡಕಿರುವುದು ಆ ಪಟ್ಟಿಯ ಜಾಗದಲ್ಲಿ. ಹೆಡ್ ಕೂರುವ ಮೇಲ್ಮೈಯೂ ಆ ಪಟ್ಟಿಯೂ ಒಂದೇ ಮಟ್ಟದಲ್ಲಿವೆ. ಕಾರ್ಖಾನೆಯಲ್ಲಿ ಒಂದೇ ಉಳಿ ಎರಡನ್ನೂ ಸವರಿತ್ತು. ಹಳೆಯ ಬ್ಲಾಕ್ ಕೊಂಚ ಸೊಟ್ಟಗಾಗಿದ್ದರೆ ಆ ಮೇಲ್ಮೈಯನ್ನು ಕೂದಲೆಳೆಯಷ್ಟು ಸವರಿ ಸಮಮಾಡುವುದು ಎಂಜಿನ್ ಕೆಲಸದವರ ಮಾಮೂಲು ಕ್ರಮ. ಹಾಗೆ ಸವರುವಾಗ ಯಂತ್ರವನ್ನು ಪಟ್ಟಿಗಿಂತ ಮೊದಲೇ ನಿಲ್ಲಿಸದಿದ್ದರೆ ಗುರುತು ಕಬ್ಬಿಣದ ಪುಡಿಯಾಗಿ ಉದುರಿಹೋಗುತ್ತದೆ. ಮತ್ತೆ ಒತ್ತಿಸಿ ಪ್ರಯೋಜನವಿಲ್ಲ. ಮೂಲ ಉಳಿ ಬಿಟ್ಟಿದ್ದ ಸೂಕ್ಷ್ಮ ಗೀರುಗಳು ಕಾಣದಿದ್ದಾಗ ತಜ್ಞರು ಅದನ್ನು ನಕಲಿ ಎಂದೇ ಹೇಳುತ್ತಾರೆ. ಆದ್ದರಿಂದ ಇಂಥ ಎಂಜಿನ್ನಿನ ರಿಪೇರಿಯಲ್ಲಿ ಅವಸರಕ್ಕೆ ಜಾಗವಿಲ್ಲ. ಆ ಅವಸರವನ್ನು ತಪ್ಪಿಸಲೆಂದೇ ಅಮೆರಿಕದ ಕೆಲವು ಕಾರುಪ್ರೇಮಿಗಳು ಮೂಲ ಎಂಜಿನ್ನನ್ನು ಇಳಿಸಿ, ತಾತ್ಕಾಲಿಕವಾಗಿ ಹೊಸ ಕಾಲದ ಎಂಜಿನ್ ಒಂದನ್ನು ಕೂರಿಸುತ್ತಾರೆ.

ದೇವಸ್ಥಾನದ ಜೀರ್ಣೋದ್ಧಾರ ನಡೆಯುವಾಗ ಬಾಲಾಲಯ ಕಟ್ಟಿ, ಪೂಜೆ ನಿಲ್ಲದಂತೆ ನೋಡಿಕೊಳ್ಳುತ್ತಾರಲ್ಲ, ಇದೂ ಹಾಗೆಯೇ. ಇಲ್ಲಿ ನಿಲ್ಲಬಾರದ್ದು ಕಾರಿನ ಓಟ. ನಿಂತ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಒಳಗಿನ ಲೋಹಕ್ಕೆ ತುಕ್ಕು ಹಿಡಿಸುತ್ತದೆ, ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಅಂಟಾಗುತ್ತದೆ.

ಮೂಲ ಎಂಜಿನ್ನಿಗೆ ಅಷ್ಟೊಂದು ಆರೈಕೆ ಏಕೆ ಬೇಕು? ಝಡ್-28 ಹುಟ್ಟಿದ್ದು ರೇಸಿಗಾಗಿ. ದೊಡ್ಡ ಎಂಜಿನ್ನನ್ನು ಮಧ್ಯಮ ಗಾತ್ರದ ಕಾರಿಗೆ ತುಂಬುವ ಗೀಳು 1964ರ ಪಾಂಟಿಯಾಕ್ ಜಿಟಿಓದಿಂದ ಹಬ್ಬಿತ್ತು. ಆದರೆ ಟ್ರಾನ್ಸ್-ಆಮ್ ರೇಸಿನಲ್ಲಿ 5 ಲೀಟರಿನ ಮಿತಿ ಇತ್ತು. ಷೆವ್ರೊಲೆ ಎಂಜಿನಿಯರುಗಳು ಒಂದು ಎಂಜಿನ್ನಿನ ಅಗಲ ಸಿಲಿಂಡರಿಗೆ ಇನ್ನೊಂದರ ಗಿಡ್ಡ ಕ್ರ್ಯಾಂಕ್ ಜೋಡಿಸಿ 302 ಘನ ಅಂಗುಲದ, ಅಂದರೆ ಸುಮಾರು 4.9 ಲೀಟರಿನ ಎಂಜಿನ್ ಮಾಡಿದರು. ಅದರ ಸಿಲಿಂಡರಿನ ಅಗಲ 101.6 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 76.2 ಮಾತ್ರ. ಓಡಾಟ ಕಡಿಮೆಯಾದಷ್ಟೂ ಎಂಜಿನ್ ಹೆಚ್ಚು ವೇಗದಲ್ಲಿ ತಿರುಗಬಲ್ಲದು.

ಈ ಎಂಜಿನ್ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಹನ್ನೊಂದರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಒತ್ತಿದಷ್ಟೂ ಶಕ್ತಿ ಹೆಚ್ಚು, ಬಿಸಿಯೂ ಹೆಚ್ಚು. ಕಿಡಿ ಹತ್ತಿಸಿದ ಬೆಂಕಿ ಮೂಲೆಯವರೆಗೆ ಹರಡುವ ಮುನ್ನ ಅಲ್ಲಿನ ಮಿಶ್ರಣ ತಾನಾಗಿಯೇ ಸ್ಫೋಟಿಸಿದರೆ ಲೋಹದ ಮೇಲೆ ಸುತ್ತಿಗೆ ಬಡಿದ ಸದ್ದು ಬರುತ್ತದೆ. ಇದೇ ‘ನಾಕಿಂಗ್’. ಅದು ಪಿಸ್ಟನ್ನನ್ನು ಒಡೆಯಬಲ್ಲದು. ಆ ಕಾಲದ ಪೆಟ್ರೋಲಿನಲ್ಲಿ ನಾಕಿಂಗ್ ತಡೆಯಲು ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಸೀಸ ಹೊಗೆ ಹೋಗುವ ವಾಲ್ವು ಕೂರುವ ಅಂಚಿಗೂ ರಕ್ಷಣೆಯಾಗಿತ್ತು. ಸೀಸ ವಿಷ, ಅದು ಹೋದದ್ದು ಜನರ ಪುಣ್ಯ. ಭಾರತದಲ್ಲಿ 2000ದಲ್ಲಿ, ಅಮೆರಿಕದ ರಸ್ತೆಗಳಲ್ಲಿ ಅದಕ್ಕೂ ಮೊದಲೇ 1996ರಲ್ಲಿ ಅದು ನಿಂತಿತು. ಹಾಗಾಗಿ ಇಂದು ಹಳೆಯ ಹೆಡ್ಡಿಗೆ ಗಟ್ಟಿ ಉಕ್ಕಿನ ಸೀಟುಗಳನ್ನು ಒತ್ತಿ ಕೂರಿಸಬೇಕು, ಒತ್ತಡದ ಪ್ರಮಾಣವನ್ನು ಕೊಂಚ ಇಳಿಸುವ ಪಿಸ್ಟನ್ ಹಾಕಬೇಕೇ ಎಂದು ಯೋಚಿಸಬೇಕು. ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಬೇಕು. ಸಾಮಾನ್ಯವಾಗಿ ಮುಕ್ಕಾಲು ಮಿಲಿಮೀಟರಿನಷ್ಟು ಅಗಲ ಮಾಡುತ್ತಾರೆ, ಆದರೆ ತೆಗೆದ ಕಬ್ಬಿಣ ಮತ್ತೆ ಬರುವುದಿಲ್ಲ. ಒಂದೆರಡು ಸಲ ಬೋರ್ ಆದ ಮೇಲೆ ಗೋಡೆ ತೆಳುವಾಗಿ, ಅಸಲಿ ಬ್ಲಾಕ್ ಪ್ರದರ್ಶನಕ್ಕಷ್ಟೇ ಉಳಿಯುತ್ತದೆ.

ಎರವಲು ಎಂಜಿನ್ ಆಗಿ ಹೆಚ್ಚಿನವರು ಆರಿಸುವುದು ಜನರಲ್ ಮೋಟರ್ಸ್‌ನ ಎಲ್‌ಎಸ್ ಕುಟುಂಬವನ್ನು. ಇದರ ಮೊದಲನೆಯದು, 5.7 ಲೀಟರಿನ ಎಲ್‌ಎಸ್1, 1997ರ ಕಾರ್ವೆಟ್‌ನಲ್ಲಿ ಬಂತು. ಆ ಎಂಜಿನ್ನಿನ ಶಕ್ತಿ 345 ಅಶ್ವಶಕ್ತಿ. ಹಳೆಯ ಕಾರುಗಳ ಅಂಕಿಗಳನ್ನು ಇದರ ಪಕ್ಕ ಇಡುವಾಗ ಎಚ್ಚರ ಬೇಕು. 1971ರವರೆಗೆ ಅಮೆರಿಕದ ಕಂಪನಿಗಳು ಆಲ್ಟರ್ನೇಟರ್, ಸೈಲೆನ್ಸರ್ ಮುಂತಾದ ಹೊರೆಗಳಿಲ್ಲದೆ ಅಳೆದ ಶಕ್ತಿಯನ್ನು ಜಾಹೀರು ಮಾಡುತ್ತಿದ್ದವು. ಆ ವರ್ಷದ ಕಾರ್ವೆಟ್‌ನ ಎಲ್‌ಟಿ-1 ಎಂಜಿನ್ ಹಾಗೆ ಅಳೆದಾಗ 330, ಕಾರಿನಲ್ಲಿರುವಂತೆ ಅಳೆದಾಗ 275.

ಎಲ್‌ಎಸ್ ಹಳೆಯ ಕ್ಯಾಮರೋಗೆ ಹೊಂದುವುದಕ್ಕೆ ಕಾರಣ ಅದರ ವಂಶ. ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ ಸಿಲಿಂಡರಿನ ನಡುವಿಗೆ ಇರುವ ಅಂತರ 111.76 ಮಿಲಿಮೀಟರ್. 1955ರಲ್ಲಿ ಬಂದ ಷೆವ್ರೊಲೆಯ ಮೊದಲ ‘ಸ್ಮಾಲ್ ಬ್ಲಾಕ್’ ಎಂಜಿನ್ನಿನದೂ ಅಷ್ಟೇ. ಇದರಲ್ಲೂ ಕ್ಯಾಮ್‌ಶಾಫ್ಟ್ ಒಂದೇ, ಅದೂ ಬ್ಲಾಕಿನೊಳಗೆ, ಹೀಗಾಗಿ ಎಂಜಿನ್ನಿನ ಮೇಲ್ಭಾಗ ಕಿರಿದು. ಫೋರ್ಡ್‌ನ ಇಂದಿನ 5 ಲೀಟರ್ ‘ಕಯೋಟಿ’ಯಲ್ಲಿ ನಾಲ್ಕು ಕ್ಯಾಮ್‌ಶಾಫ್ಟುಗಳು ಹೆಡ್ಡಿನ ಮೇಲಿವೆ. ಆ ಅಗಲವನ್ನು 1960ರ ದಶಕದ ಮಸ್ಟಾಂಗಿಗೆ ತೂರಿಸಲು ಸಾಮಾನ್ಯವಾಗಿ ಮುಂದಿನ ಸಸ್ಪೆನ್ಷನ್ ಗೋಪುರಗಳನ್ನೇ ಕತ್ತರಿಸಬೇಕಾಗುತ್ತದೆ. ಕತ್ತರಿಸಿದ ಮೇಲೆ ‘ತಾತ್ಕಾಲಿಕ’ ಎನ್ನುವ ಮಾತು ಉಳಿಯುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಈ ಕೆಲಸದ ಒಳ್ಳೆಯದು ಕೆಟ್ಟದ್ದನ್ನು ಅಳೆಯುವ ಅಳತೆಗೋಲು ಇದೊಂದೇ: ಮೂಲ ಲೋಹಕ್ಕೆ ಗರಗಸವಾಗಲಿ ವೆಲ್ಡಿಂಗ್ ಆಗಲಿ ತಾಗಿರಬಾರದು. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ‘ಫಿವಾ’ 2013ರಲ್ಲಿ ಅಂಗೀಕರಿಸಿದ ಟುರಿನ್ ಸನ್ನದಿನ ಆಶಯವೂ ಅದೇ: ಅನಿವಾರ್ಯ ಬದಲಾವಣೆಗಳನ್ನು ಮುಂದೆ ಹಿಂತೆಗೆಯುವಂತಿರಬೇಕು, ಬಿಚ್ಚಿದ ಅಸಲಿ ಭಾಗಗಳನ್ನು ವಾಹನದ ಜೊತೆಗೇ ಕಾಪಾಡಬೇಕು. ಕ್ಯಾಮರೋದಲ್ಲಿ ಇದು ಸಾಧ್ಯ. ಬೋಲ್ಟ್ ಹಾಕುವ ಅಡಾಪ್ಟರ್ ತಟ್ಟೆಗಳಿಂದ ಎಲ್‌ಎಸ್ ಹಳೆಯ ಮೌಂಟುಗಳ ಮೇಲೆಯೇ ಕೂರುತ್ತದೆ. ಹಳೆಯ ನಾಲ್ಕು ಗೇರಿನ ಮನ್ಸಿ ಪೆಟ್ಟಿಗೆಯೂ ಹೊಂದುತ್ತದೆ, ಆದರೆ ಹೊಸ ಕ್ರ್ಯಾಂಕಿನ ತುದಿ ಸುಮಾರು 10 ಮಿಲಿಮೀಟರ್ ಒಳಗಿರುವುದರಿಂದ ನಡುವೆ ಸ್ಪೇಸರ್ ಬೇಕು.

ಪೆಟ್ರೋಲಿನ ವ್ಯವಸ್ಥೆಯಲ್ಲಿ ನಿಜವಾದ ಯುಗಾಂತರ ಕಾಣುತ್ತದೆ. ಕಾರ್ಬ್ಯುರೇಟರಿನ ಕಿರಿದಾದ ಕಂಠದಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿನ ಒತ್ತಡ ಇಳಿಯುತ್ತದೆ, ಪೆಟ್ರೋಲ್ ತಾನಾಗಿ ಮೇಲೆದ್ದು ಬರುತ್ತದೆ. ಅದಕ್ಕೆ 5ರಿಂದ 7 ಪಿಎಸ್‌ಐ ಒತ್ತಡ ಸಾಕು. ಎಲ್‌ಎಸ್‌ನ ಇಂಜೆಕ್ಟರುಗಳಿಗೆ ಸುಮಾರು 58 ಬೇಕು. ಹಳೆಯ ಟ್ಯಾಂಕಿನೊಳಗೆ ತಡೆಗೋಡೆಗಳಿಲ್ಲ, ತಿರುವಿನಲ್ಲಿ ಪೆಟ್ರೋಲ್ ಪಕ್ಕಕ್ಕೆ ಸರಿದರೆ ಪಂಪು ಗಾಳಿ ಎಳೆದು ಎಂಜಿನ್ ಕೆಮ್ಮುತ್ತದೆ. ಆದ್ದರಿಂದ ಒಳಗೇ ಪಂಪು ಇರುವ ಹೊಸ ಟ್ಯಾಂಕನ್ನು ಹಳೆಯ ಪಟ್ಟಿಗಳಿಗೇ ಬಿಗಿದು, ಅಸಲಿಯನ್ನು ತೊಳೆದು ಒಣಗಿಸಿ ಎತ್ತಿಡುತ್ತಾರೆ. ಎಷ್ಟು ಪೆಟ್ರೋಲ್ ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಕ್ರ್ಯಾಂಕಿನ ಮೇಲಿನ ಗುರುತುಚಕ್ರ ಪಿಸ್ಟನ್ ಎಲ್ಲಿದೆ ಎನ್ನುವುದನ್ನೂ, ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಸುಟ್ಟದ್ದು ಸರಿಯಿದೆಯೇ ಎನ್ನುವುದನ್ನೂ ಅದಕ್ಕೆ ತಿಳಿಸುತ್ತವೆ. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ ಸೇರಿದರೆ ಪೆಟ್ರೋಲೂ ಗಾಳಿಯ ಆಕ್ಸಿಜನ್ನೂ ಪೂರ್ತಿ ಬಳಕೆಯಾಗುತ್ತವೆ, ಕಂಪ್ಯೂಟರ್ ಆ ಪ್ರಮಾಣದ ಸುತ್ತ ಸುಳಿಯುತ್ತಿರುತ್ತದೆ. ಜೊತೆಗೊಂದು ಕೆಟಲಿಟಿಕ್ ಕನ್ವರ್ಟರನ್ನೂ ಹಾಕಿಸಿದರೆ ಹೊಗೆ ಇನ್ನಷ್ಟು ಶುದ್ಧ. ಕಾನೂನು ಕೇಳದಿದ್ದರೂ ಹಾಕಿಸಬೇಕೆಂಬುದು ನನ್ನ ಆಗ್ರಹ.

ಎರವಲು ಎಂಜಿನ್ ಓಡುತ್ತಿರುವಾಗ ಮಾಲೀಕರಿಗೆ ಉಳಿದ ಕಾರಿನ ಪರಿಚಯವಾಗುತ್ತದೆ. ಹಿಂದಿನ ಆಕ್ಸಲ್ ಗೊರಗುಟ್ಟುತ್ತದೆಯೇ, ಬ್ರೇಕ್ ಒಂದು ಬದಿಗೆ ಎಳೆಯುತ್ತದೆಯೇ, ರೇಡಿಯೇಟರ್ ಸೋರುತ್ತದೆಯೇ ಎಂಬುದೆಲ್ಲ ಅಪರೂಪದ ಎಂಜಿನ್ನನ್ನು ಅಪಾಯಕ್ಕೊಡ್ಡದೆ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಅಲ್ಯೂಮಿನಿಯಂ ಎಲ್‌ಎಸ್ ಕಬ್ಬಿಣದ ಹಳೆಯ ಎಂಜಿನ್ನಿಗಿಂತ ಹಗುರವಾದ್ದರಿಂದ ಕಾರಿನ ಮೂತಿ ಮೇಲೇಳುತ್ತದೆ. ಮುಂದಿನ ಸ್ಪ್ರಿಂಗು, ಚಕ್ರಗಳ ಅಲೈನ್‌ಮೆಂಟಿನ ಅಂತಿಮ ಹೊಂದಾಣಿಕೆಯನ್ನು ಮೂಲ ಎಂಜಿನ್ ಮರಳಿದ ಮೇಲೆಯೇ ಮಾಡಬೇಕು.

ಮರಳಿ ಬರುವ ಎಂಜಿನ್ನಿಗೂ ಒಂದು ಗಂಡಾಂತರವಿದೆ. ಅದರ ಟ್ಯಾಪೆಟ್ಟುಗಳಿಗೆ ರೋಲರ್ ಇಲ್ಲ, ಅವು ನೇರವಾಗಿ ಕ್ಯಾಮಿನ ಮೇಲೆ ಉಜ್ಜುತ್ತವೆ. ಆ ಉಜ್ಜುವಿಕೆಯಿಂದ ಕಾಪಾಡುತ್ತಿದ್ದ ಸತು ಮತ್ತು ರಂಜಕದ ಸಂಯುಕ್ತವನ್ನು ಹೊಸ ಆಯಿಲ್‌ಗಳಲ್ಲಿ ಕಡಿಮೆ ಮಾಡಿದ್ದಾರೆ, ಏಕೆಂದರೆ ಅದು ಕೆಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಹೊಸ ಕ್ಯಾಮ್ ಹಾಕಿದ್ದರೆ ಆ ಸಂಯುಕ್ತ ಹೆಚ್ಚಿರುವ ಆಯಿಲ್ ತುಂಬಿ, ಮೊದಲ 20 ನಿಮಿಷವಾದರೂ ನಿಮಿಷಕ್ಕೆ 2,000 ಸುತ್ತಿಗಿಂತ ಕೆಳಗಿಳಿಸದೆ ಓಡಿಸಬೇಕು. ಇದನ್ನು ಎಂಜಿನ್ ಇನ್ನೂ ಸ್ಟ್ಯಾಂಡಿನ ಮೇಲಿರುವಾಗಲೇ ಮಾಡಿ ಮುಗಿಸುವುದು ಜಾಣತನ.

ನಮ್ಮಲ್ಲಿ ಝಡ್-28 ಕಾಣುವುದು ಅಪರೂಪ. ಆದರೆ ಮೈಸೂರಿನಲ್ಲಿ ತಯಾರಾದ ಯೆಜ್ಡಿ, ಅಜ್ಜನ ಕಾಲದ ಅಂಬಾಸಿಡರ್ ಎಷ್ಟೋ ಮನೆಗಳ ಶೆಡ್ಡಿನಲ್ಲಿವೆ. ಅವುಗಳ ಎಂಜಿನ್ ಇಳಿಸುವ ಮುನ್ನ ನಂಬರಿನ ಸ್ಪಷ್ಟ ಫೋಟೋ ತೆಗೆದಿಡಿ, ಆ ಜಾಗವನ್ನು ಸವರಬಾರದೆಂದು ಮೆಕ್ಯಾನಿಕ್‌ಗೆ ಬಾಯಿಬಿಟ್ಟು ಹೇಳಿ, ಬಿಚ್ಚಿದ ಒಂದು ನಟ್ಟನ್ನೂ ಗುಜರಿಗೆ ಹಾಕಬೇಡಿ. ಬೇರೆ ಎಂಜಿನ್ ಕೂರಿಸುವ ಯೋಚನೆಯಿದ್ದರೆ ಮೊದಲು ಆರ್‌ಟಿಒ ಅನುಮತಿ ಪಡೆಯಿರಿ.